‘ಇಬ್ಬರು’ ಎಂಬ ಚಿತ್ರ

ಗ್ಯಾಲರಿಯ ಬಾಗಿಲಿಗೆ ಎಡ ಭುಜ ಬಡಿದಾಗ ವಿಮರ್ಶಕರು ಬಾಗಿಲನ್ನೇ ಬೈದರು. ಮಗಳ ಚಿತ್ರಪ್ರದರ್ಶನಕ್ಕೆ ನೆರವಾಗಲು ಹೆಂಡತಿ ಅವಳ ಮನೆಗೆ ಹೋಗಿ ಎಂಟು ದಿನ. ಅಷ್ಟರಲ್ಲೇ ಜಗತ್ತು ಸೊಟ್ಟಗಾದಂತಿತ್ತು. ನಿನ್ನೆಯಿಂದ ತಲೆ ಭಾರ. ಬೆಳಿಗ್ಗೆ ಪತ್ರಿಕೆ ತೆರೆದರೆ ತಮ್ಮದೇ ಅಂಕಣದ ಸಾಲುಗಳಿಗೆ ತಲೆಬುಡವಿಲ್ಲ. ಸಂಪಾದಕನಿಗೆ ಫೋನ್ ಮಾಡಿ ಕೂಗಾಡಿದರು. “ಸರಿಯಾಗೇ ಅಚ್ಚಾಗಿದೆಯಲ್ಲ ಸಾರ್” ಅಂದ ಆತ. ಈಗಿನವರಿಗೆ ಓದುವುದಕ್ಕೂ ಸೋಮಾರಿತನ ಅಂದುಕೊಂಡು ಫೋನ್ ಕುಕ್ಕಿದ್ದರು.

ನಿಜವಾದ ಕಳವಳ ಬೇರೆಯದೇ. ಕಲಾವಿದರ ನಡುವೆ ಅವರಿಗೆ ‘ಕತ್ತರಿ’ ಎಂಬ ಅಡ್ಡಹೆಸರಿತ್ತು. ಮೂರು ವರ್ಷದ ಹಿಂದೆ ಆ ಕತ್ತರಿ ಸ್ವಂತ ಮಗಳ ಮೇಲೂ ಆಡಿತ್ತು. “ಈಕೆಯ ಚಿತ್ರಗಳ ಮುಂದೆ ಕಣ್ಣು ನಿಲ್ಲುವುದಿಲ್ಲ, ಹೊರಬಾಗಿಲನ್ನು ಹುಡುಕುತ್ತದೆ” ಎಂದು ಬರೆದಿದ್ದರು. ಅಂದಿನಿಂದ ಮಗಳು ಮಾತು ಬಿಟ್ಟಿದ್ದಳು. ಈಗ ಅವಳೇ ಕರೆದಿದ್ದಾಳೆ. ಯಾಕೆ?

ಒಳಗೆ ಕಾಲಿಟ್ಟೊಡನೆ ಜನ ಅವರ ಮುಖ ನೋಡಿ ಪಿಸುಗುಟ್ಟಿದರು. ಕತ್ತರಿ ಬಂತು ಅನ್ನುತ್ತಿರಬೇಕು.

“ಬನ್ನಿ ಅಪ್ಪಾ.” ಮಗಳು ಎದುರಿಗೇ ಬಂದಳು. “ಮೊದಲು ಇದನ್ನ ನೋಡಿ.”

“ಅಮ್ಮ ಎಲ್ಲಿ?”

ಮಗಳು ನಕ್ಕಳು. ಅವರಿಗೆ ನಗು ಬರಲಿಲ್ಲ. ಗಂಡ ಬಂದರೂ ತಲೆ ಹಾಕದಷ್ಟು ಕೋಪವೇ ಅವಳಿಗೆ?

ಅವರು ಚಿತ್ರದ ಮುಂದೆ ನಿಂತರು. ಬೇಡವೆಂದರೂ ಕಣ್ಣು ತನ್ನ ಹಳೆಯ ಕೆಲಸಕ್ಕೆ ತೊಡಗಿತು. ಮೇಜಿನ ಮೇಲೆ ಓರೆಯಾಗಿ ಬಿದ್ದ ಕಿಟಕಿಯ ಬೆಳಕು. ಅದು ಒಂದು ತೋಳಿನಗುಂಟ ಏರಿ ಮುಖಕ್ಕೆ ಕರೆದೊಯ್ಯುತ್ತದೆ. ಮುಖ ಹೆಂಡತಿಯದು. ಎಷ್ಟೋ ವರ್ಷಗಳಿಂದ ತಾವು ಗಮನಿಸದೇ ಬಿಟ್ಟ ನಗು ಅದು. ಆ ನಗು ಯಾರಿಗೋ ಮೀಸಲು. ಅವಳ ನೋಟದ ಬೆನ್ನು ಹತ್ತಿದರೆ, ಅಲ್ಲಿಗೆ ಚಿತ್ರವೇ ಮುಗಿದಿತ್ತು.

ಅವರು ಮತ್ತೆ ಬೆಳಕಿನಿಂದ ಶುರುಮಾಡಿದರು. ತೋಳು, ಮುಖ, ನಗು, ಅಂಚು.

“ಹೆಸರೇನು ಇದಕ್ಕೆ?”

“ಇಬ್ಬರು.”

“ಇನ್ನೊಬ್ಬ ಎಲ್ಲಿ?”

“ತಮಾಷೆ ಮಾಡ್ತಿದ್ದೀರಾ ಅಪ್ಪಾ?”

“ತಮಾಷೆ ಮಾಡ್ತಿರೋದು ನೀನು.” ಅವರ ದನಿ ಏರಿತು. “ಮೂವತ್ತು ವರ್ಷದಿಂದ ಚಿತ್ರ ನೋಡ್ತಿದ್ದೀನಿ. ಒಬ್ಬಳನ್ನ ತುದಿಗೆ ತಳ್ಳಿ, ಅವಳ ನೋಟಕ್ಕೆ ಅಂಗೈಯಷ್ಟೂ ಜಾಗ ಬಿಡದೆ ಅಂಚು ಕಡಿದ್ರೆ ನೋಡೋನಿಗೆ ಉಸಿರು ಕಟ್ಟುತ್ತೆ. ಯಾರನ್ನ ನೋಡಿ ನಗ್ತಿದಾಳೆ, ಅವನ್ಯಾಕಿಲ್ಲ ಅಂತ ಹುಡುಕ್ತಾ ನಿಲ್ತಾನೆ. ಗೊತ್ತಿದ್ದೇ ಮಾಡಿದೀಯ. ಇಬ್ಬರು ಅಂತ ಹೆಸರಿಟ್ಟು ನನ್ನ ಹೊರಗೆ ಹಾಕಿದೀಯ.” ಅವರು ಮತ್ತೆ ಚಿತ್ರದತ್ತ ತಿರುಗಿದರು. “ಚೆನ್ನಾಗಿದೆ ಮಗಳೇ. ಈ ಸಲ ಕಣ್ಣು ಎಲ್ಲಿಗೂ ಓಡ್ಲಿಲ್ಲ.”

ಮಗಳು ಅವರ ಮುಖವನ್ನೇ ದಿಟ್ಟಿಸುತ್ತಿದ್ದಳು. ಅವಳ ಮುಖದ ಬಣ್ಣ ಇಳಿದುಹೋಗಿತ್ತು.

“ಅಪ್ಪಾ, ಇವತ್ತು ಗಡ್ಡ ನೀವೇ ಮಾಡ್ಕೊಂಡ್ರಾ?”

“ಮಾಡ್ಕೊಳ್ಳದೆ? ಅದಕ್ಕೂ ಇದಕ್ಕೂ ಏನೇ ಸಂಬಂಧ?”

ಅವಳು ಕೈ ಚಾಚಿ ಅವರ ನುಣ್ಣಗಿದ್ದ ಬಲಗೆನ್ನೆ ಮುಟ್ಟಿ, ಆಮೇಲೆ ಎಡಗೆನ್ನೆ ಸವರಿದಳು. ಬೆರಳಡಿ ಕೂದಲು ಕರಕರ ಎಂದಿತು.

“ರೀ...” ಹೆಂಡತಿಯ ದನಿ. ಅವರು ಬಲಕ್ಕೆ ತಿರುಗಿ ಹುಡುಕಿದರು. ಯಾರೂ ಇಲ್ಲ. “ಎಲ್ಲಿದೀಯೇ?”

“ನಿಮ್ಮ ಪಕ್ಕದಲ್ಲೇ ಇದ್ದೀನಲ್ರೀ! ನೀವು ಬಂದಾಗಿಂದ ಇಲ್ಲೇ ನಿಂತಿದ್ದೀನಿ!”

“ಅಮ್ಮಾ, ಆಂಬುಲೆನ್ಸಿಗೆ ಫೋನ್ ಮಾಡು. ಈಗಲೇ. ಅಪ್ಪನಿಗೆ ಎಡಗಡೆಯದು ಏನೂ ಕಾಣ್ತಿಲ್ಲ, ಸ್ಟ್ರೋಕ್ ಆಗಿರಬೇಕು.” ಮಗಳು ಎರಡೂ ಅಂಗೈಗಳಲ್ಲಿ ಅಪ್ಪನ ಮುಖ ಹಿಡಿದಳು. ಮಗುವಿನ ಮುಖ ತಿರುಗಿಸುವಂತೆ ನಿಧಾನವಾಗಿ ತಿರುಗಿಸಿದಳು. “ಹೆದರಬೇಡಿ. ಎಡಕ್ಕೆ ನೋಡಿ ಅಪ್ಪಾ. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ...”

ಮೇಜಿನ ಎಡಬದಿಗೆ, ಅರ್ಧ ಚಿತ್ರ ತುಂಬಿಕೊಂಡು, ಹೆಂಡತಿಯನ್ನೇ ನೋಡಿ ನಗುತ್ತ ಅವರು ಕುಳಿತಿದ್ದರು.