ಕೌಜುಗದ ಕೂಗು

ಊರಿನ ಮಹಿಳಾ ಸಂಘದ ಓದುಮನೆಯಲ್ಲಿ ಆ ಹುಡುಗಿ ಕಲಿತ ಕೊನೆಯ ಇಂಗ್ಲಿಷ್ ಪದ ‘ಕಜೋಲ್’. ಸಿಹಿಮಾತಾಡಿ ಪುಸಲಾಯಿಸುವುದು ಎಂದರ್ಥ. ಪಂಜರದ ಹಕ್ಕಿಯ ಉಲಿಯಿಂದ ಹುಟ್ಟಿದ್ದಿರಬಹುದಂತೆ. ಅದೇ ವಾರ ಏಜೆಂಟನ ಸಿಹಿಮಾತು ನಂಬಿ ಮಿಲ್ಲು ಸೇರಿದಳು. ಆಮೇಲೆ ಹೊರಹೋಗಲು ಗೇಟು ಅವಳಿಗೆ ತೆರೆಯಲೇ ಇಲ್ಲ.

ಇಂದು ಸೂಪರ್‌ವೈಸರ್ ಅವಳ ಅಪ್ಪನ ನಂಬರು ಒತ್ತಿ, ರಿಂಗಾಗುತ್ತಿರುವಾಗಲೇ ಸ್ಪೀಕರ್ ಹಾಕಿ ಫೋನು ಚಾಚಿದ. “ಸುಖವಾಗಿದೀನಿ, ತಂಗೀನೂ ಕಳಿಸು ಅನ್ನು. ಬೇರೆ ಮಾತು ಬಂತೋ, ಚರ್ಮ ಸುಲೀತೀನಿ.”

ತಂಗಿಗಿನ್ನೂ ಹದಿನಾಲ್ಕು.

“ಅಪ್ಪಾ, ಸುಖವಾಗಿದೀನಿ. ನೀನು ಪಂಜರದ ಕೌಜುಗಾನ ಸಾಕ್ದಂಗೇ ಸಾಕ್ತಾವ್ರೆ. ತಂಗೀನೂ ಕಳ್ಸು.”



“ತಿಳೀತು ಕಣವ್ವಾ,” ಎಂದ ಅಪ್ಪ.

“ಭೇಷ್! ಈಗ ಬುದ್ಧಿ ಬಂತು ನೋಡು,” ಸೂಪರ್‌ವೈಸರ್ ನಕ್ಕ.

ಆ ಕೌಜುಗವನ್ನು ಅಪ್ಪ ಸಾಕಿದ್ದು, ಅದರ ಕೂಗು ಕೇಳಿ ಬರುವ ಕಾಡಿನ ಹಕ್ಕಿಗಳನ್ನು ಬಲೆಗೆ ಕೆಡವಲು.