ಏಳನೇ ಪಾಠದ ಮೇಷ್ಟ್ರು

"ಮೊದಲು ನೀವೇ ಶುರು ಮಾಡಿ, ಮೇಷ್ಟ್ರೇ," ಎಂದರು ಪೋಷಕರ ಸಂಘದ ಅಧ್ಯಕ್ಷೆ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಅವರು ಹೇಳಿದ ಕೂಡಲೇ ಬಾಯಿ ತೆರೆಯುವುದು ಊರಿಗೆಲ್ಲ ಅಭ್ಯಾಸವಾಗಿತ್ತು. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ತುರುಕಿಕೊಂಡು ಕೂತಿದ್ದ ಅರವತ್ತು ಜನ ತಂದೆತಾಯಂದಿರು ಆ ಸಂಜೆ ತೀರ್ಮಾನಿಸಬೇಕಿದ್ದದ್ದು ಒಂದೇ ವಿಷಯ: ವಿಜ್ಞಾನ ಪುಸ್ತಕದ ಏಳನೇ ಪಾಠ, ಜೀವವಿಕಾಸದ್ದು, ಇರಬೇಕೋ ಬೇಡವೋ. ಬೇಡ ಎಂದು ಅರ್ಜಿ ಬರೆದವರು ಧರ್ಮಪಾಠದ ಮೇಷ್ಟ್ರು. ಬೇಕೇ ಬೇಕು ಎಂದು ಪಟ್ಟು ಹಿಡಿದವಳು ವಿಜ್ಞಾನದ ಟೀಚರು, ಮೇಷ್ಟ್ರ ಒಬ್ಬಳೇ ಮಗಳು. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದಿದ್ದರು.

ಆ ಶಾಲೆಯ ಚರ್ಚೆಗೆ ಒಂದು ಕಟ್ಟಳೆ ಇತ್ತು. ಮೂವತ್ತು ವರ್ಷದ ಹಿಂದೆ ಮೇಷ್ಟ್ರೇ ತಂದದ್ದು. ಸ್ವಂತ ವಾದ ಹೂಡುವ ಮೊದಲು ಎದುರಾಳಿಯ ವಾದವನ್ನು ತಾನೇ ಹೇಳಬೇಕು. "ಹೌದು, ನನ್ನ ಮಾತು ಇದೇ" ಅನ್ನಿಸಿದಾಗ ಎದುರಾಳಿ ಮೇಜಿನ ಮೇಲಿನ ಗಂಟೆ ಒತ್ತಬೇಕು. ಅಲ್ಲಿಯವರೆಗೆ ತನ್ನದು ಅಂತ ಒಂದಕ್ಷರವೂ ಆಡುವಂತಿಲ್ಲ. ಎಷ್ಟೋ ಜಗಳಗಂಟರು ಈ ಗಂಟೆಯ ಮುಂದೆ ಬೆವರಿ ಮನೆಗೆ ಹೋಗಿದ್ದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಕೋತಿಯಿಂದ ಮನುಷ್ಯ ಬಂದ ಅಂತ ಇವಳು ಹೇಳ್ತಾಳೆ ಅಂದ್ಕೊಂಡು ನೀವೆಲ್ಲ ಸಿಟ್ಟಾಗಿದೀರಿ. ಇವಳು ಹಾಗೆ ಹೇಳೋದೇ ಇಲ್ಲ. ಕೋತಿ ನಮಗೆ ಅಜ್ಜ ಅಲ್ಲ, ದಾಯಾದಿ! ಕೋಟ್ಯಂತರ ವರ್ಷದ ಹಿಂದೆ ಇಬ್ಬರಿಗೂ ಒಬ್ಬನೇ ಮುತ್ತಜ್ಜ. ಮನೆ ಪಾಲಾಯ್ತು. ಅವರು ಮರ ತಗೊಂಡ್ರು, ನಾವು ನೆಲಕ್ಕೆ ಇಳಿದ್ವಿ. ಯಾವ ಮಗೂನೂ ಅಪ್ಪ ಅಮ್ಮನ ಪಡಿಯಚ್ಚಲ್ಲ, ಚೂರು ಬೇರೆ. ಆ ಚೂರು ಬದುಕೋಕೆ ಉಪಯೋಗಕ್ಕೆ ಬಂದ್ರೆ ಮೊಮ್ಮಕ್ಕಳಿಗೆ ದಾಟುತ್ತೆ. ಹೀಗೆ ಚೂರು ಚೂರೇ ಸೇರಿ ಇಷ್ಟೆಲ್ಲ ಆಯ್ತು. ಇದು ಇವಳ ಮಾತು."

ಮಗಳು ದಿನಾ ಬೆಳಿಗ್ಗೆ ಅಂದಿನ ಪಾಠ ಹೇಳಿ ನೋಡಿಕೊಳ್ಳುತ್ತಿದ್ದದ್ದು ಅಡುಗೆಮನೆಯಲ್ಲಿ, ಗಟ್ಟಿಯಾಗಿ. ಬಟಾಣಿ ಸುಲಿಯುತ್ತ ಕೂರುವ ಅಪ್ಪನ ಕಿವಿಗೆ ಅದು ಹತ್ತು ವರ್ಷದಿಂದ ಬೀಳುತ್ತಿತ್ತು. ಆದರೂ ಹೀಗೆ, ತನಗಿಂತ ಚೆನ್ನಾಗಿ ಹೇಳಿಬಿಡುತ್ತಾರೆ ಎಂದು ಅವಳು ಎಣಿಸಿರಲಿಲ್ಲ. ಗಂಟೆ ಒತ್ತಿದಳು.

ಈಗ ಅವಳ ಸರದಿ. "ದೇವರು ಎಲ್ಲಾನೂ ಒಂದೇ ಸಲ ಮಾಡಿ ಮುಗಿಸಿದ. ಅಷ್ಟೇ ತಾನೇ?" ಎಂದಳು ಸಲೀಸಾಗಿ. ಮೇಷ್ಟ್ರ ಕೈ ಗಂಟೆಯತ್ತ ಹೋಗಲಿಲ್ಲ.

"ಶಾಸ್ತ್ರದಲ್ಲಿ ಬರೆದಿದೆ, ಪ್ರಶ್ನೆ ಕೇಳಬಾರದು," ಎಂದು ಇನ್ನೊಮ್ಮೆ ಪ್ರಯತ್ನಿಸಿದಳು.

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಗಳ ಮುಖ ಕೆಂಪಾಯಿತು. ಹೋದ ತಿಂಗಳು ಅಪ್ಪ ಊಟಕ್ಕೆ ಕೂತಾಗ ಏನೋ ಹೇಳಿದ್ದರು. ಅವಳು ನಕ್ಕು ಹಾರಿಸಿದ್ದಳು. ಅದು ಈಗ ನೆನಪಾಯಿತು.

"ಹೋದ ವರ್ಷ ಏಳನೇ ಪಾಠ ಮುಗಿದ ದಿನ," ಎಂದಳು ನಿಧಾನವಾಗಿ, "ಒಂದು ಹುಡುಗಿ ಮೇಷ್ಟ್ರ ಹತ್ತಿರ ಬಂದು, 'ಹಾಗಾದ್ರೆ ನಮ್ಮನ್ನ ಯಾರೂ ಬೇಕು ಅಂತ ಮಾಡಿಲ್ವಾ?' ಅಂತ ಕೇಳಿ ಅತ್ತಳಂತೆ. ಯಾವ ಮಗೂನೂ ತಾನು ಯಾರಿಗೂ ಬೇಡದೆ ಹುಟ್ಟಿದ್ದು ಅಂದ್ಕೊಂಡು ಮನೆಗೆ ಹೋಗಬಾರದು. ಮೇಷ್ಟ್ರ ಮಾತು ಇದು."

ಮೇಷ್ಟ್ರು ಗಂಟೆ ಒತ್ತಿದರು. ಅಷ್ಟು ದಿನ ಅಪ್ಪನ ಮಾತನ್ನು ಕೇಳಿಸಿಕೊಳ್ಳದೆ ಹೋದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಇನ್ನು ಅಸಲಿ ವಾದ ಶುರುವಾಗಬೇಕು, ಅಷ್ಟರಲ್ಲಿ ಟ್ಯಾಕ್ಸಿ ಓಡಿಸುವ ತಂದೆಯೊಬ್ಬ ಎದ್ದು ನಿಂತ. "ಡಾಕ್ಟರಮ್ಮ, ನಂಗೆ ಗಾಡಿ ತೆಗೆಯೋ ಹೊತ್ತಾಯ್ತು. ವಾದ ಗೀದ ಬೇಡ. ಪಾಠ ಇರಲಿ, ಆದ್ರೆ ಮೇಷ್ಟ್ರೇ ಮಾಡ್ಲಿ. ನನ್ನ ತಲೆಗೇ ಹತ್ತಿದ್ದು ಮಕ್ಕಳಿಗೆ ಹತ್ತಲ್ವಾ?"

ಕೈಗಳು ಪಟಪಟನೆ ಮೇಲೆದ್ದವು. ಪಾಠ ಬೇಡ ಎನ್ನಲು ಬಂದವರದ್ದೂ ಎದ್ದವು.

"ಮೇಷ್ಟ್ರು ಒಪ್ಪದಿದ್ರೆ?" ಎಂದರು ಅಧ್ಯಕ್ಷೆ.

"ಹಾಗಾದ್ರೆ ಪಾಠಾನೇ ಬೇಡ," ಎಂದ ಟ್ಯಾಕ್ಸಿಯವನು.

ಮಗಳಿಗೆ ಹೊಟ್ಟೆ ಉರಿದುಹೋಯಿತು. ಹತ್ತು ವರ್ಷ ಮುದ್ದು ಮಾಡಿ ಸಾಕಿದ ಪಾಠ! ಅಪ್ಪ "ಆಗಲ್ಲ" ಅಂದರೆ ಮುಗಿಯಿತು, ಅವರ ಅರ್ಜಿ ಕೂತಲ್ಲೇ ಗೆದ್ದ ಹಾಗೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮಗಳ ಕಡೆ ನೋಡಿದರು, ಮತ್ತೊಮ್ಮೆ ಒರೆಸಿದರು.

"ಮಾಡ್ತೀನಿ," ಎಂದರು. "ಆದ್ರೆ ತಪ್ಪು ಹೇಳಿದ್ರೆ ತಿದ್ದೋಕೆ ಇವಳು ಹಿಂದಿನ ಬೆಂಚಲ್ಲಿ ಕೂರ್ಬೇಕು."

ಸೋಮವಾರ ಮೂರನೇ ಪೀರಿಯಡ್ಡಿಗೆ ವಿಜ್ಞಾನದ ಟೀಚರು ಕೆಂಪು ಪೆನ್ನು ಹಿಡಿದು ಕೊನೆಯ ಬೆಂಚಿನಲ್ಲಿ ಕೂತಳು. ಮೇಷ್ಟ್ರು ಎರಡು ತಪ್ಪು ಮಾಡಿದರು, ಎರಡನ್ನೂ ಅವಳು ತಿದ್ದಿದಳು, ಮಕ್ಕಳಿಗೆ ಖುಷಿಯೋ ಖುಷಿ. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಮೇಷ್ಟ್ರೇ, ಇದನ್ನೆಲ್ಲ ನೀವು ನಂಬ್ತೀರಾ?"

ಹಿಂದಿನ ಬೆಂಚಿನ ಟೀಚರು ಕೆಂಪು ಪೆನ್ನನ್ನು ಕೆಳಗಿಟ್ಟಳು. "ಇಲ್ಲ" ಅಂದರೆ ಪಾಠದ ಕಥೆ ಮುಗಿಯಿತು. "ಹೌದು" ಅಂದರೆ ಸುಳ್ಳು, ಮಕ್ಕಳ ಮುಂದೆ ಅಪ್ಪ ಇಲ್ಲಿಯವರೆಗೆ ಸುಳ್ಳು ಹೇಳಿದವರಲ್ಲ.

ಮೇಷ್ಟ್ರು ಮೇಜಿನ ಮೇಲಿದ್ದ ವಿಜ್ಞಾನದ ಪೆಟ್ಟಿಗೆಯಿಂದ ಬಾವಲಿಯ ರೆಕ್ಕೆಯ ಎಲುಬುಗೂಡನ್ನು ತೆಗೆದು, ಮುರಿಯದಂತೆ ಹುಡುಗಿಯ ಅಂಗೈ ಮೇಲಿಟ್ಟರು.

"ನಂಬೋ ಪೀರಿಯಡ್ಡು ನಾಳೆ ಇದೆಯಮ್ಮ, ಬಾ. ಇದು ನೋಡೋ ಪೀರಿಯಡ್ಡು. ಇದರಲ್ಲಿ ಎಷ್ಟು ಬೆರಳಿದೆ, ನಿನ್ನ ಕೈಯಲ್ಲಿ ಎಷ್ಟಿದೆ, ಎಣಿಸು."