ಮೆಟ್ಟಿಲಿಲ್ಲದ ನಕ್ಷೆ

ನಕ್ಷೆಯಲ್ಲಿ ಮೆಟ್ಟಿಲುಗಳೇ ಇರಲಿಲ್ಲ.

ದರ್ಜಿ ಹೆಂಗಸು ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿದಳು. ಹೊಲಿಗೆ ಯಂತ್ರದ ಮೇಲೆ ಹರಡಿದ್ದು ಅವಳ ಗಂಡ ಆರು ತಿಂಗಳು ಕೂತು ಬರೆದ ನಕ್ಷೆ. ಅವನು ಭೂಮಾಪನ ಕಚೇರಿಯ ಸರ್ವೇಯರ್. 'ನಮ್ಮೂರಿನ ಬೆಳಗಿನ ಓಟದ ಐದು ದಾರಿಗಳು' ಎಂದು ಮೇಲೆ ದಪ್ಪಕ್ಷರ. ಬರುವ ವಾರ ಪ್ರವಾಸಿ ಕಚೇರಿಯಿಂದ ಅಚ್ಚಿಗೆ ಹೋಗಲಿತ್ತು.

ಕೋಟೆಬಾಗಿಲಿನಿಂದ ಹೊರಟ ಐದು ಬಣ್ಣದ ಗೆರೆಗಳು ಗಡಿಯಾರದ ಗೋಪುರ ಬಳಸಿ, ಹಳೇ ಪೇಟೆ ಇಳಿದು ನದಿಯತ್ತ ಬರುತ್ತಿದ್ದವು. ಕಲ್ಲುಸೇತುವೆಯ ತುದಿ ಮುಟ್ಟಿದ್ದೇ ತಡ, ಐದಕ್ಕೆ ಐದೂ ಹಾವು ಕಂಡಂತೆ ಬೆಚ್ಚಿ ಗುಡ್ಡ ಹತ್ತುತ್ತಿದ್ದವು. ಕೋಟೆಗೋಡೆಯ ಪಕ್ಕದಲ್ಲಿ ಸುತ್ತು ಹಾಕಿ, ದೂರದ ಹಿಟ್ಟಿನ ಗಿರಣಿಯ ಹತ್ತಿರ ಮತ್ತೆ ನದಿ ಸೇರುತ್ತಿದ್ದವು. ನಡುವಿನ ದಡದಲ್ಲಿ ಬರೀ ಹಸಿರು ಬಣ್ಣ. ಅಲ್ಲಿ ಏನೂ ಇಲ್ಲ, ಎಂದೂ ಏನೂ ನಡೆದೇ ಇಲ್ಲ ಎಂಬಂತೆ.

"ಹೊಳೆ ಮೆಟ್ಟಿಲು ಎಲ್ಲಿ ರೀ?"

ಸರ್ವೇಯರ್ ಹೊಸ್ತಿಲ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. "ಅಲ್ಲಿ ಓಡೋದು ಬೇಡ."

"ಅವಳು ಓಡ್ತಿದ್ಲಲ್ಲ. ದಿನಾ ಓಡ್ತಿದ್ಲು."

ಲೇಸು ಕೈತಪ್ಪಿತು. ಅವನು ಮತ್ತೆ ಮೊದಲಿಂದ ಗಂಟು ಹಾಕಿದ.

"ಏಳೂಕಾಲಕ್ಕೆ ಬರ್ತೀನಿ" ಎಂದಷ್ಟೇ ಹೇಳಿ ಹೊರಟ.

ಮಗಳಿಗೆ ಹತ್ತು ವರ್ಷವಿದ್ದಾಗ ಓಟ ಹಚ್ಚಿಸಿದವನು ಅವನೇ. ಅಪ್ಪ ಮಗಳು ಬೆಳಕು ಹರಿಯುವ ಮೊದಲೇ ಎದ್ದು, ಪಿಸುಪಿಸು ನಗುತ್ತ ಬಾಗಿಲು ತೆಗೆಯುವ ಸದ್ದಿಗೆ ದರ್ಜಿಗೆ ಎಚ್ಚರವಾಗುತ್ತಿತ್ತು. ಎರಡು ವರ್ಷದ ಹಿಂದೆ ಅವನಿಗೆ ಜ್ವರ ಬಂದ ದಿನ ಹುಡುಗಿ ಒಬ್ಬಳೇ ಹೋದಳು. ಹೊಳೆ ತುಂಬಿತ್ತು. ಮೆಟ್ಟಿಲು ಪಾಚಿಗಟ್ಟಿತ್ತು. ಹತ್ತೊಂಬತ್ತು ವರ್ಷದ ಹುಡುಗಿಯನ್ನು ಮಾರನೆಯ ದಿನ ಗಿರಣಿಯ ಹತ್ತಿರ ಎತ್ತಿದರು.

ತಿಂಗಳು ಕಳೆದಿತ್ತೋ ಇಲ್ಲವೋ, ಗಂಡ ಮತ್ತೆ ಶೂ ಹಾಕಿಕೊಂಡು ಹೊರಟಿದ್ದ. ಅದನ್ನು ಅವಳು ಕ್ಷಮಿಸಿರಲಿಲ್ಲ. ಅತ್ತಿದ್ದರೆ, ಬೈದಿದ್ದರೆ, ಮಗಳ ಹೆಸರನ್ನೊಮ್ಮೆ ಬಾಯಿಬಿಟ್ಟು ಕರೆದಿದ್ದರೆ ಸಾಕಿತ್ತು. ಅವನು ಓಡುತ್ತಿದ್ದ. ಎದುರು ಮನೆಯ ನರ್ಸಮ್ಮ ನಗೆಯಾಡುವುದಿತ್ತು: "ಊರೋರೆಲ್ಲ ಓಡಿ ಹೊಟ್ಟೆ ಕರಗಿಸಿದ್ರೆ, ನಿಮ್ಮ ಯಜಮಾನ್ರು ಓಡಿ ಹೊಟ್ಟೆ ಬೆಳೆಸ್ತಿದಾರಲ್ರೀ!" ಅವಳಿಗೆ ನಗು ಬರುತ್ತಿರಲಿಲ್ಲ. ಕಲ್ಲಿನಂಥವನಿಗೆ ಮೈ ಕರಗುವುದಾದರೂ ಹೇಗೆ?

ಅವಳಿಗೂ ಒಂದು ಗುಟ್ಟಿತ್ತು. ಗಂಡ ಬೀದಿಯ ತಿರುವು ದಾಟಿದೊಡನೆ ಹಿತ್ತಿಲ ಕಾಲುದಾರಿ ಹಿಡಿದು ಹೊಳೆಗೆ ಇಳಿಯುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಮಗಳೊಂದಿಗೆ ಮಾತಾಡುತ್ತಿದ್ದಳು. ದೊಡ್ಡ ದನಿಯಲ್ಲೇ. ಕಾಲರು ಸೊಟ್ಟಗಾದದ್ದು, ಗುಂಡಿ ಸಿಗದೆ ಪರದಾಡಿದ್ದು, ನಿಮ್ಮಪ್ಪ ಮೂಗನ ಹಾಗಿರುವುದು. ಒಮ್ಮೊಮ್ಮೆ ಅಳು ಉಕ್ಕಿ ಕೂಗಿಬಿಡುತ್ತಿದ್ದಳು. ಕೇಳುವವರಿರಲಿಲ್ಲ. ಎರಡು ವರ್ಷದಲ್ಲಿ ಆ ಹೊತ್ತಿಗೆ ಒಂದು ನರಪಿಳ್ಳೆಯೂ ಆ ದಾರಿಯಲ್ಲಿ ಸುಳಿದಿರಲಿಲ್ಲ. ಊರು ಆ ಜಾಗವನ್ನು ಮರೆತದ್ದೇ ಒಳ್ಳೆಯದಾಯಿತು ಎಂದುಕೊಂಡಿದ್ದಳು. ಏಳು ಗಂಟೆಗೆ ಮನೆ ಸೇರಿ, ಮುಖ ತೊಳೆದು, ಯಂತ್ರದ ಮುಂದೆ ಕೂರುತ್ತಿದ್ದಳು. ಸರ್ವೇಯರ್ ಹೇಳಿದ ಹೊತ್ತಿಗಿಂತ ಒಂದು ನಿಮಿಷ ಮೊದಲು ಬಂದವನಲ್ಲ. ಬಂದಾಗಲೂ ಗೇಟಿನ ಹತ್ತಿರ ಕೆಮ್ಮಿ, ಚಿಲಕ ಗಲಗಲ ಅಲ್ಲಾಡಿಸಿಯೇ ಒಳಗೆ ಕಾಲಿಡುತ್ತಿದ್ದ.

ಊರು ಮರೆಯಲಿ. ಹೆತ್ತ ಅಪ್ಪ ಪೆನ್ನು ಹಿಡಿದು ಅಳಿಸುವುದೆಂದರೆ?

ಅವತ್ತು ಅವಳು ಹೊಳೆಗೆ ಹೋಗಲಿಲ್ಲ. ಹತ್ತು ಗಂಟೆಗೆ ನಕ್ಷೆ ಸುತ್ತಿಕೊಂಡು ಪ್ರವಾಸಿ ಕಚೇರಿಗೆ ಹೋದಳು. ಮೇಜಿನ ಹಿಂದೆ ಇದ್ದವಳು ವರ್ಗವಾಗಿ ಬಂದು ವರ್ಷವೂ ಆಗಿರದ ಗುಮಾಸ್ತೆ. ಅವಳೂ ಓಡುವವಳೇ ಇರಬೇಕು, ಕುರ್ಚಿಯ ಕೆಳಗೆ ಕೆಸರು ಮೆತ್ತಿದ ಶೂ ಇತ್ತು.

"ಇದರಲ್ಲಿ ಒಂದು ದಾರಿ ಬಿಟ್ಟುಹೋಗಿದೆ" ಎಂದಳು ದರ್ಜಿ, ಹಸಿರಿನ ಮೇಲೆ ಬೆರಳಿಟ್ಟು. "ಸೇರಿಸ್ಬೇಕು."

ಗುಮಾಸ್ತೆ ನಿಟ್ಟುಸಿರಿಟ್ಟಳು. "ಮೆಟ್ಟಿಲ ದಾರೀನಾ? ನಾನೂ ಜಗಳ ಆಡಿ ಸಾಕಾಯ್ತು ಮೇಡಂ. ಇಡೀ ಕಣಿವೇಲಿ ಅಷ್ಟು ಚೆಂದದ ದಾರಿ ಇನ್ನೊಂದಿಲ್ಲ. ಈಗ ಕಂಬಿ ಬೇರೆ ಹಾಕಿಸಿದಾರೆ, ಅಪಾಯಾನೂ ಇಲ್ಲ. ಆದ್ರೆ ಸರ್ವೇಯರ್ ಸಾಹೇಬ್ರು ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ."

"ಅವರಿಗೆ ಆ ಜಾಗ ಕಂಡ್ರಾಗಲ್ಲ." ದನಿ ತಾನಾಗಿಯೇ ಗಡುಸಾಯಿತು. "ಮರೆತುಬಿಡೋಕೆ ಓಡ್ತಾರೆ."

"ಓಡ್ತಾರಾ? ಯಾರು?" ಗುಮಾಸ್ತೆ ಹುಬ್ಬೇರಿಸಿದಳು. "ಅವರು ಓಡಿದ್ದನ್ನ ನಾನಂತೂ ಒಂದಿನಾನೂ ನೋಡಿಲ್ಲ. ಬೆಳಿಗ್ಗೆ ನಾವು ಓಡ್ತಾ ಬರೋ ಹೊತ್ತಿಗೆ ಸೇತುವೆ ತುದೀಲಿ ನಿಂತಿರ್ತಾರೆ. ಮಳೆ ಬಂದ್ರೂ ಅಷ್ಟೇ, ಚಳಿ ಆದ್ರೂ ಅಷ್ಟೇ. ಎರಡು ವರ್ಷದಿಂದ ಹೀಗೇ ಅಂತೆ. ಬಂದೋರನ್ನೆಲ್ಲ ಕೈಮುಗಿದು ಗುಡ್ಡದ ದಾರಿಗೆ ಕಳಿಸ್ತಾರೆ. ಮೊನ್ನೆ, 'ನನಗೂ ಮಂಡಿ ಹಿಡ್ಕೊಳ್ತಿದೆ, ಇನ್ನೆಷ್ಟು ದಿನ ನಿಲ್ಲೋಕಾಗುತ್ತೋ, ನಕ್ಷೇಲೇ ತಿರುಗಿಸಿಬಿಡ್ತೀನಿ' ಅಂದ್ರು."

ದರ್ಜಿ ಮೇಜಿನ ಅಂಚು ಹಿಡಿದುಕೊಂಡಳು. "ಯಾಕಂತೆ?"

ಗುಮಾಸ್ತೆ ದನಿ ತಗ್ಗಿಸಿದಳು.

"'ಕೆಳಗಡೆ ನನ್ನ ಹೆಂಡತಿ ಮಗಳ ಹತ್ರ ಮಾತಾಡ್ತಿದಾಳೆ, ಮುಗಿಯೋವರೆಗೂ ಆ ಕಡೆ ಹೋಗಬೇಡಿ' ಅಂತಾರೆ."